ಲೇಸರ್ ಕೂಡ ಹರಡುತ್ತದೆ: ಸುಗಟೂರಿನ ಒಂದು ಪಾಠ, ಒಂದು ಪುಟ್ಟ ಉಪಗ್ರಹ

ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ಸುಗಟೂರಿನ ಒಂದು ಪ್ರೌಢಶಾಲೆ, ಹತ್ತನೇ ತರಗತಿ, ಬೆಳಕಿನ ಅಧ್ಯಾಯ. ಪಾಠಯೋಜನೆಯ ‘ನಿಜಜೀವನದ ಅನ್ವಯ’ ಎಂಬ ಅಂಕಣದಲ್ಲಿ ಕನ್ನಡಿ, ಕನ್ನಡಕ ಬಿಟ್ಟು ಹೊಸದೇನಾದರೂ ಬರೆಯಬೇಕೆಂಬ ಆಸೆಯಿತ್ತು. ಪುಟ್ಟ ಉಪಗ್ರಹವೊಂದು ಲೇಸರ್ ಬೆಳಕಿನಲ್ಲಿ ಭೂಮಿಗೆ ಮಾಹಿತಿ ಕಳಿಸಿದ ಪ್ರಯೋಗವನ್ನು ಆರಿಸಿಕೊಂಡೆ. ರಾತ್ರಿ ಕೂತು ಚಾರ್ಟು ಬರೆದೆ. ಅದರ ಕೆಳಗೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ಒಂದು ಸಾಲು: ‘ಟಾರ್ಚಿನ ಬೆಳಕು ಹರಡುತ್ತದೆ, ಲೇಸರ್ ಹರಡುವುದಿಲ್ಲ.’ ಮಕ್ಕಳು ಅದನ್ನು ಅಂದವಾಗಿ ನೋಟ್ಸಿಗೆ ಇಳಿಸಿಕೊಂಡರು.

ಮಾರನೆಯ ದಿನ ಪ್ರಾರ್ಥನೆ ಮುಗಿದ ಮೇಲೆ ಒಬ್ಬ ಹುಡುಗಿ ಹತ್ತಿರ ಬಂದಳು. “ಮಿಸ್, ಲೇಸರ್ ಅಗಲ ಆಗಲ್ಲ ಅಂದ್ರಲ್ಲಾ. ನಮ್ಮಣ್ಣನ ಹತ್ರ ಕೀಚೈನ್ ಲೈಟೈತೆ. ರಾತ್ರಿ ನೀರಿನ ಟ್ಯಾಂಕ್ ಮೇಲೆ ಬಿಟ್ಟು ನೋಡ್ದೆ. ಅಂಗೈಯಷ್ಟು ಅಗಲ ಕಾಣ್ತು.”

“ಅದು ಕಡಿಮೆ ಬೆಲೆಯ ಲೈಟು, ಅದಕ್ಕೇ ಹಾಗೆ” ಎಂದುಬಿಟ್ಟೆ. ಅವಳು ತಲೆಯಾಡಿಸಿ ಸಾಲಿಗೆ ಹೋದಳು. ಸಂಜೆ ಕೋಲಾರದ ಬಸ್ಸಿನಲ್ಲಿ ಕೂತಾಗ ನಾನು ಕೊಟ್ಟದ್ದು ಉತ್ತರವಲ್ಲ, ಜಾರಿಕೆ ಎಂದು ಅರಿವಾಯಿತು. ದುಬಾರಿ ಲೇಸರ್ ಹರಡುವುದೇ ಇಲ್ಲವೇ? ನನಗೆ ಗೊತ್ತಿರಲಿಲ್ಲ. ಬಿ.ಎಸ್ಸಿ.ಯಲ್ಲಿ ವಿವರ್ತನೆಯ ಸಮೀಕರಣವನ್ನು ಪರೀಕ್ಷೆಗೆ ಬರೆದು ಅಂಕ ಪಡೆದವಳು ನಾನು. ಆದರೆ ಅದಕ್ಕೂ ಟ್ಯಾಂಕಿನ ಮೇಲಿನ ಆ ಕೆಂಪು ಚುಕ್ಕೆಗೂ ಸಂಬಂಧವಿದೆ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಮಾರ್ಗದರ್ಶಕ ಉಪನ್ಯಾಸಕರಿಗೆ ಫೋನ್ ಮಾಡಿ ಹೇಳಿದೆ. ಅವರು ನಕ್ಕು, “ಬರೆಸಿದ್ದು ನೀವು, ಹೊಡೆದುಹಾಕಿಸಬೇಕಾದ್ದೂ ನೀವೇ. ಕೊನೆಯ ಮೌಲ್ಯಮಾಪನ ಪಾಠಕ್ಕೆ ಇದನ್ನೇ ಇಟ್ಟುಕೊಳ್ಳಿ” ಎಂದರು. ಅಂಕದ ಪಾಠದಲ್ಲಿ ನನ್ನ ತಪ್ಪನ್ನೇ ವಿಷಯವಾಗಿಸುವುದು ಎಂದರೆ ಹೊಟ್ಟೆಯಲ್ಲಿ ಸಂಕಟವಾಯಿತು. ಆ ಪಾಠಕ್ಕಾಗಿ ಓದಿದ್ದು, ಮಾಡಿದ್ದು ಮುಂದಿನ ತಂಡದವರಿಗೂ ಉಪಯೋಗವಾದೀತು ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಳತೆ. ಶಾಲೆಯ ಉದ್ದನೆಯ ಜಗಲಿಯಲ್ಲಿ ಸಂಜೆ ಐದರ ಮೇಲೆ ಕೀಚೈನ್ ಲೇಸರನ್ನು ಇಟ್ಟಿಗೆಯ ಮೇಲೆ ಅಲುಗದಂತೆ ಕೂರಿಸಿ, ಗ್ರಾಫ್ ಹಾಳೆ ಅಂಟಿಸಿದ ರಟ್ಟನ್ನು ದೂರ ದೂರಕ್ಕೆ ಒಯ್ದೆವು. ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಲೇಸರ್ ಸೊಂಟದ ಮಟ್ಟಕ್ಕಿಂತ ಕೆಳಗಿರಬೇಕು, ಬೆಳಕಿನ ದಾರಿಯಲ್ಲಿ ಯಾರೂ ಕೂರಬಾರದು, ಕನ್ನಡಿ, ಸ್ಟೀಲ್ ತಟ್ಟೆ ಹತ್ತಿರವಿರಬಾರದು, ಗುಂಡಿ ಒತ್ತುವುದು ಶಿಕ್ಷಕರೇ. ಸಂತೆಯ ಲೇಸರಿನ ಮೇಲೆ ಬರೆದಿರುವ ಶಕ್ತಿಯ ಅಂಕಿಯನ್ನು ನಂಬಿ ಮಕ್ಕಳ ಕಣ್ಣನ್ನು ಪಣಕ್ಕಿಡುವ ಹಾಗಿಲ್ಲ.

10 ಮೀಟರಿನಲ್ಲಿ ಚುಕ್ಕೆ ಅಂಗಿಯ ಗುಂಡಿಯಷ್ಟಿತ್ತು, ಸುಮಾರು 1 ಸೆಂಟಿಮೀಟರ್. 30 ಮೀಟರಿನಲ್ಲಿ 3 ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚು. ಜಗಲಿ ಮುಗಿದು ಮೈದಾನಕ್ಕಿಳಿದು 60 ಮೀಟರ್ ತಲುಪಿದಾಗ 6 ಸೆಂಟಿಮೀಟರ್, ಒಂದು ಸಣ್ಣ ಪೂರಿಯಷ್ಟು. ಅಂದರೆ ಪ್ರತಿ ಮೀಟರಿಗೆ ಒಂದು ಮಿಲಿಮೀಟರ್, ಸಾವಿರಕ್ಕೆ ಒಂದು. ಹುಡುಗಿ ಟ್ಯಾಂಕಿನ ಮೇಲೆ ಕಂಡಿದ್ದ ಅಂಗೈ ಅಳತೆ ಈ ಲೆಕ್ಕಕ್ಕೆ ಸರಿಯಾಗಿ ಕೂತಿತು. ನನ್ನ ಚಾರ್ಟು ಕೂರಲಿಲ್ಲ.

ಏಕೆ ಹರಡುತ್ತದೆ? ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆ ಎಂದು ನಾವು ಹೇಳಿಕೊಡುತ್ತೇವೆ. ಅದೇ ಅಧ್ಯಾಯದ ಮೊದಲಿಗೇ, ತೀರಾ ಸಣ್ಣ ತಡೆ ಎದುರಾದಾಗ ಬೆಳಕು ಅದರ ಅಂಚಿನಲ್ಲಿ ಬಾಗುತ್ತದೆ, ಅದೇ ವಿವರ್ತನೆ ಎಂಬ ಪುಟ್ಟ ಟಿಪ್ಪಣಿ ಇದೆ. ಪರೀಕ್ಷೆಗೆ ಬರುವುದಿಲ್ಲವೆಂದು ಅದನ್ನು ಹಾರಿಸಿ ಮುಂದೆ ಹೋಗುತ್ತೇವೆ. ನಾನೂ ಹಾರಿಸಿದ್ದೆ. ಅದನ್ನು ತೋರಿಸಲು ಎರಡು ಶೇವಿಂಗ್ ಬ್ಲೇಡು ಸಾಕು. ಅಂಚುಗಳು ಒಂದಕ್ಕೊಂದು ತೀರಾ ಹತ್ತಿರ ಬರುವಂತೆ ರಟ್ಟಿನ ಮೇಲೆ ಅಂಟಿಸಿ, ನಡುವಿನ ಸೀಳಿನಿಂದ ಲೇಸರ್ ಹಾಯಿಸಬೇಕು. ಸೀಳನ್ನು ಕಿರಿದು ಮಾಡಿದಷ್ಟೂ ಗೋಡೆಯ ಮೇಲಿನ ಬೆಳಕು ಕಿರಿದಾಗಬೇಕೆಂದು ಮಕ್ಕಳು ಊಹಿಸುತ್ತಾರೆ. ಆಗುವುದು ತಿರುಗಾಮುರುಗಾ: ಸೀಳು ಕಿರಿದಾದಷ್ಟೂ ಬೆಳಕು ಪಕ್ಕಕ್ಕೆ ಚಾಚಿಕೊಳ್ಳುತ್ತದೆ. ತರಗತಿಯಲ್ಲಿ ‘ಹೋ’ ಎಂಬ ಸದ್ದು ಬಂದದ್ದು ಇಲ್ಲೇ.

ಇದನ್ನು ಪೈಪಿನ ಬಾಯಿಗೆ ಹೆಬ್ಬೆರಳಿಟ್ಟರೆ ನೀರು ಚಿಮ್ಮುವುದಕ್ಕೆ ಹೋಲಿಸಬೇಕೆಂದು ಮೊದಲು ಅನ್ನಿಸಿತ್ತು. ಬಿಟ್ಟೆ. ನೀರು ಚಿಮ್ಮುವುದು ಒತ್ತಡದಿಂದ, ಬೆಳಕು ಹರಡುವುದು ಅದು ಅಲೆಯಾಗಿರುವುದರಿಂದ. ಒಂದು ತಪ್ಪನ್ನು ತಿದ್ದಲು ಹೋಗಿ ಇನ್ನೊಂದನ್ನು ನೆಡಬಾರದು. ಕೆರೆಯ ಅಲೆ ತೂಬಿನ ಕಿಂಡಿಯಲ್ಲಿ ನುಗ್ಗಿ ಆಚೆ ಅರ್ಧವೃತ್ತವಾಗಿ ಬಿಚ್ಚಿಕೊಳ್ಳುವುದು ಇದಕ್ಕೆ ಹತ್ತಿರದ ಹೋಲಿಕೆ. ದೊಡ್ಡ ತಟ್ಟೆಯಲ್ಲಿ ನೀರು ಹಾಕಿ ಎರಡು ಸ್ಕೇಲುಗಳ ಸಂದಿಯಿಂದ ಅದನ್ನು ತೋರಿಸಬಹುದು.

ಲೆಕ್ಕಕ್ಕೆ ಒಂದೇ ಒಂದು ಅಂದಾಜು ಸೂತ್ರ ಸಾಕಾಯಿತು: ಹರಡುವಿಕೆಯ ಅನುಪಾತ ಎಂದರೆ ತರಂಗದೂರವನ್ನು ಬೆಳಕು ಹೊರಡುವ ಬಾಯಿಯ ಅಗಲದಿಂದ ಭಾಗಿಸಿದ್ದು. ಕೆಂಪು ಲೇಸರಿನ ತರಂಗದೂರ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಆರೂವರೆ ಭಾಗ, ಬಾಯಿ ಸುಮಾರು 1 ಮಿಲಿಮೀಟರ್. 60 ಮೀಟರಿಗೆ 4 ಸೆಂಟಿಮೀಟರ್ ಎಂದು ಸೂತ್ರ ಹೇಳಿತು, ಗ್ರಾಫ್ ಹಾಳೆ 6 ಎಂದಿತು. ಸೂತ್ರ ಅಂದಾಜಿನದು, ಲೇಸರಿನ ಮುಂದಿರುವ ಪ್ಲಾಸ್ಟಿಕ್ ಮಸೂರವೂ ಅಷ್ಟು ನಿಖರವಲ್ಲ. ಎರಡೂ ಸಂಖ್ಯೆಗಳನ್ನು ಕಪ್ಪುಹಲಗೆಯ ಮೇಲೆ ಹಾಗೇ ಬಿಟ್ಟೆ.

ಈ ಸೂತ್ರ ಕೈಗೆ ಬಂದ ಮೇಲೆ ಉಪಗ್ರಹದ ಕಥೆಯೇ ಬೇರೆಯಾಗುತ್ತದೆ.

ನಮ್ಮ ಕಡೆಯದೇ ಒಂದು ಉದಾಹರಣೆಯಿಂದ ಆರಂಭಿಸಿದೆ. ಬೆಂಗಳೂರು ಮತ್ತು ಹೈದರಾಬಾದಿನ ಏಳು ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಸೇರಿ ಕಟ್ಟಿದ ‘ಸ್ಟುಡ್‌ಸ್ಯಾಟ್’ 2010ರ ಜುಲೈ 12ರಂದು ಪಿಎಸ್‌ಎಲ್‌ವಿ-ಸಿ15 ರಾಕೆಟ್ಟಿನಲ್ಲಿ ಶ್ರೀಹರಿಕೋಟಾದಿಂದ ಮೇಲೇರಿತು. ತೂಕ ಒಂದು ಕಿಲೋಗ್ರಾಮಿಗಿಂತ ಕಡಿಮೆ, ಅಗಲ 10 ಸೆಂಟಿಮೀಟರ್. ಅದರ ಮಾತು ಕೇಳುವ ನೆಲದ ಕೇಂದ್ರ ಬೆಂಗಳೂರಿನ ಯಲಹಂಕದ ನಿಟ್ಟೆ ಮೀನಾಕ್ಷಿ ಕಾಲೇಜಿನಲ್ಲಿತ್ತು. ಅದು ಮಾತಾಡಿದ್ದು ಹವ್ಯಾಸಿ ರೇಡಿಯೋದವರ 437 ಮೆಗಾಹರ್ಟ್ಸ್ ಆಸುಪಾಸಿನಲ್ಲಿ. ಆ ಅಲೆಯ ತರಂಗದೂರ ಸುಮಾರು 69 ಸೆಂಟಿಮೀಟರ್, ಉಪಗ್ರಹದ ಮೈಗಿಂತ ಹೆಚ್ಚುಕಡಿಮೆ ಏಳು ಪಟ್ಟು ಉದ್ದ. ಸೂತ್ರದ ಪ್ರಕಾರ ಅಂಥ ಪೆಟ್ಟಿಗೆ ತನ್ನ ಮಾತನ್ನು ಒಂದು ಕಡೆಗೆ ಕಿರಿದು ಮಾಡಿ ಕಳಿಸಲಾರದು. ಸುತ್ತಮುತ್ತ ಎಲ್ಲ ದಿಕ್ಕಿಗೂ ಕೂಗುತ್ತದೆ, ಅದರ ಎಳ್ಳಷ್ಟು ಭಾಗ ಯಲಹಂಕಕ್ಕೆ ಸಿಗುತ್ತದೆ. ಇಂಥ ಹವ್ಯಾಸಿ ರೇಡಿಯೋ ಕೊಂಡಿಗಳಲ್ಲಿ ಸೆಕೆಂಡಿಗೆ 9,600 ಬಿಟ್ ಸಾಮಾನ್ಯವಾದ ವೇಗ. ಉಪಗ್ರಹ ಒಂದು ಊರಿನ ಮೇಲೆ ಹಾದುಹೋಗುವಾಗ ಹತ್ತು ನಿಮಿಷವೂ ಪೂರ್ತಿ ಸಿಗುವುದಿಲ್ಲ.

ದೊಡ್ಡ ಉಪಗ್ರಹಗಳು ಇನ್ನೂ ಕಿರಿದಾದ ರೇಡಿಯೋ ಅಲೆಯನ್ನು ಬಳಸುತ್ತವೆ. ತರಂಗದೂರ ಪೌಣೆ ನಾಲ್ಕು ಸೆಂಟಿಮೀಟರ್, ಆಂಟೆನಾ 10 ಸೆಂಟಿಮೀಟರ್ ಎಂದಿಟ್ಟುಕೊಂಡು ಮಕ್ಕಳು ಲೆಕ್ಕ ಮಾಡಿದರು. 500 ಕಿಲೋಮೀಟರ್ ಎತ್ತರದಿಂದ ಸುಗಟೂರಿನ ಮೇಲೆ ಗುರಿಯಿಟ್ಟರೆ ನೆಲದ ಮೇಲಿನ ವೃತ್ತ ಸುಮಾರು 190 ಕಿಲೋಮೀಟರ್ ಅಗಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಲ್ಲ ಅದರೊಳಗೆ, ಬೆಂಗಳೂರೂ ಒಳಗೆ. ಅದೇ ಎತ್ತರದಿಂದ ಲೇಸರ್. ಕಣ್ಣಿಗೆ ಕಾಣದ ಅವಕೆಂಪು ಬೆಳಕು, ತರಂಗದೂರ ಮಿಲಿಮೀಟರಿನ ಸಾವಿರದಲ್ಲಿ ಒಂದೂವರೆ ಭಾಗ, ಬಾಯಿ ಒಂದೂವರೆ ಸೆಂಟಿಮೀಟರ್ ಮಾತ್ರ. ಅನುಪಾತ ಹತ್ತು ಸಾವಿರಕ್ಕೆ ಒಂದು. ವೃತ್ತ 50 ಮೀಟರ್, ಅಂದರೆ ಹೆಚ್ಚುಕಡಿಮೆ ನಮ್ಮ ಶಾಲೆಯ ಆವರಣ. ಅಗಲದಲ್ಲಿ 3,800 ಪಟ್ಟು ಕಡಿಮೆ ಎಂದರೆ ವಿಸ್ತೀರ್ಣದಲ್ಲಿ ಅದರ ವರ್ಗ, ಸುಮಾರು 1.4 ಕೋಟಿ ಪಟ್ಟು ಕಡಿಮೆ. ಅಷ್ಟೇ ಶಕ್ತಿ ಅಷ್ಟು ಚಿಕ್ಕ ಜಾಗದಲ್ಲಿ ಬೀಳುತ್ತದೆ. ಲೇಸರಿನ ಲಾಭ ಇರುವುದು ಇಲ್ಲಿ. ಹರಡುವುದಿಲ್ಲ ಎಂದಲ್ಲ, ಹರಡಿಯೂ ಶಾಲೆಯ ಆವರಣ ದಾಟುವುದಿಲ್ಲ ಎಂದು. ಜೊತೆಗೆ ಈ ಬೆಳಕು ಸೆಕೆಂಡಿಗೆ 193 ಲಕ್ಷ ಕೋಟಿ ಸಲ ಕಂಪಿಸುತ್ತದೆ, ಆ ರೇಡಿಯೋ ಅಲೆ 800 ಕೋಟಿ ಸಲ. ಕಂಪನ ಹೆಚ್ಚಿದಷ್ಟೂ ಅದರ ಮೇಲೆ ಹೇರಬಹುದಾದ ಸಂಕೇತಗಳಿಗೆ ಜಾಗ ಹೆಚ್ಚು.

ಜಪಾನಿನವರು 2014ರ ಮೇ ತಿಂಗಳಲ್ಲಿ ಹಾರಿಸಿದ ‘ಸಾಕ್ರಟೀಸ್’ ಎಂಬ ಐವತ್ತು ಕಿಲೋ ಆಸುಪಾಸಿನ ಉಪಗ್ರಹ, ‘ಸೋಟಾ’ ಎಂಬ ಲೇಸರ್ ಉಪಕರಣದಿಂದ ಸೆಕೆಂಡಿಗೆ ಒಂದು ಕೋಟಿ ಬಿಟ್ ಕಳಿಸಿ ತೋರಿಸಿತು. ನಾನು ಪಾಠಕ್ಕೆ ಆರಿಸಿಕೊಂಡಿದ್ದು ಅದಕ್ಕಿಂತ ಚಿಕ್ಕದು. ನಾಸಾದ ‘ಪಿಟಿಡಿ-3’, 2022ರ ಮೇ 25ರಂದು ಹಾರಿದ್ದು, 10, 20, 30 ಸೆಂಟಿಮೀಟರಿನ ಪೆಟ್ಟಿಗೆ. ತರಗತಿಗೆ ಒಂದು ಶೂ ಡಬ್ಬಿ ಒಯ್ದಿದ್ದೆ, ಅಳತೆ ಹೆಚ್ಚುಕಡಿಮೆ ಅಷ್ಟೇ. ಅದರೊಳಗಿದ್ದ ‘ಟಿಬರ್ಡ್’ ಎಂಬ ಲೇಸರ್ ಉಪಕರಣವನ್ನು ಕಟ್ಟಿದವರು ಅಮೆರಿಕದ ಎಂಐಟಿಯ ಲಿಂಕನ್ ಪ್ರಯೋಗಾಲಯದವರು. ಅವರು ಎಲ್ಲವನ್ನೂ ಹೊಸದಾಗಿ ಮಾಡಲಿಲ್ಲ. ನೆಲದಡಿಯ ಗಾಜಿನೆಳೆ ಕೇಬಲ್‌ಗಳಲ್ಲಿ ಇಂಟರ್ನೆಟ್ ಹೊರುವ ಅಂಗಡಿ ಸಾಮಾನನ್ನೇ ಆರಿಸಿ, ಬಾಹ್ಯಾಕಾಶಕ್ಕೆ ತಾಳುತ್ತದೆಯೇ ಎಂದು ಪರೀಕ್ಷಿಸಿದರು. ನಿರ್ವಾತದ ಪರೀಕ್ಷೆಯಲ್ಲಿ ಬೆಳಕನ್ನು ವರ್ಧಿಸುವ ಒಂದು ಭಾಗ ಕರಗಿಹೋಯಿತು. ನೆಲದ ಮೇಲೆ ಅದರ ಬಿಸಿಯನ್ನು ಗಾಳಿ ಒಯ್ಯುತ್ತಿತ್ತು, ನಿರ್ವಾತದಲ್ಲಿ ಒಯ್ಯುವವರಿಲ್ಲ. ಬಿಸಿ ಲೋಹದ ಮೂಲಕ ಹರಿದುಹೋಗುವಂತೆ ತಿದ್ದಿಸಿದರು. ಶಾಖದ ಸಂವಹನ ಮತ್ತು ವಹನವನ್ನು ಪಾಠ ಮಾಡುವವರು ಈ ಉದಾಹರಣೆಯನ್ನು ಎತ್ತಿಟ್ಟುಕೊಳ್ಳಬಹುದು.

2023ರ ಏಪ್ರಿಲ್ 28ರಂದು ಈ ಪೆಟ್ಟಿಗೆ ಸೆಕೆಂಡಿಗೆ 200 ಗಿಗಾಬಿಟ್, ಎಂದರೆ 20,000 ಕೋಟಿ ಬಿಟ್ ವೇಗದಲ್ಲಿ ಕ್ಯಾಲಿಫೋರ್ನಿಯಾದ ಟೇಬಲ್ ಮೌಂಟನ್‌ನಲ್ಲಿರುವ ಒಂದು ಮೀಟರ್ ದೂರದರ್ಶಕಕ್ಕೆ ಮಾಹಿತಿ ಇಳಿಸಿತು. ಮುಂದೆ ಒಂದೇ ಹಾಯುವಿಕೆಯಲ್ಲಿ, ಐದು ನಿಮಿಷದೊಳಗೆ, 4.8 ಟೆರಾಬೈಟ್ ತಪ್ಪಿಲ್ಲದೆ ಇಳಿಯಿತು. ಅಷ್ಟನ್ನೇ ಸೆಕೆಂಡಿಗೆ 9,600 ಬಿಟ್‌ನಲ್ಲಿ ಕಳಿಸಿದರೆ ಎಷ್ಟು ಹೊತ್ತು ಬೇಕು? ಲೆಕ್ಕದಲ್ಲಿ ಚುರುಕಾದ ಇಬ್ಬರು ಹುಡುಗರು ಹಲಗೆ ತುಂಬ ಸೊನ್ನೆ ಬರೆದು ಉತ್ತರ ತಂದರು: ಬಿಡುವಿಲ್ಲದೆ ಸುಮಾರು 127 ವರ್ಷ.

ಬೆಳಕು ಕಿರಿದಾಗಿರುವುದು ವರವಾದರೆ ಅದರ ಹೊರೆಯೂ ಅಲ್ಲೇ ಇದೆ. ಹತ್ತು ಸಾವಿರಕ್ಕೆ ಒಂದು ಎಂದರೆ 100 ಮೀಟರ್ ಆಚೆ ನಿಂತವನ ಅಂಗಿಯ ಒಂದು ಗುಂಡಿ. ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ಓಡುವ ಪೆಟ್ಟಿಗೆ ಆ ಗುಂಡಿಯಿಂದ ಬೆಳಕು ಜಾರದಂತೆ ಐದು ನಿಮಿಷ ಹಿಡಿದಿರಬೇಕು. ಇಲ್ಲಿ ನಾನು ಮಕ್ಕಳಿಂದಲೇ ಕಲಿತೆ. ನಮ್ಮ ಹೊಲಗಳಿಗೆ ತ್ರೀಫೇಸ್ ಕರೆಂಟು ಬರುವುದು ಎಷ್ಟೋ ದಿನ ರಾತ್ರಿ. ಪಂಪ್‌ಸೆಟ್ ಹತ್ತಿರ ಒಬ್ಬ, ಟೊಮೆಟೊ ಸಾಲಿನ ಕೊನೆಯಲ್ಲಿ ಇನ್ನೊಬ್ಬ. ಕತ್ತಲಲ್ಲಿ ಹೇಗೆ ಮಾತಾಡಿಕೊಳ್ಳುತ್ತೀರಿ ಎಂದು ಕೇಳಿದೆ. “ಅಪ್ಪ ಮೊದ್ಲು ಟಾರ್ಚ್ ಬೀಸ್ತಾರೆ ಮಿಸ್. ಬೆಳಕು ಕಂಡ ಕಡೆಗೆ ನಾನು ಟಾರ್ಚ್ ತಿರುಗಿಸ್ತೀನಿ” ಎಂದ ಒಬ್ಬ. ಟಿಬರ್ಡ್ ಮಾಡುವುದೂ ಅದನ್ನೇ. ನೆಲದ ಕೇಂದ್ರ ಮೊದಲು ಒಂದು ಲೇಸರನ್ನು ಮೇಲಕ್ಕೆ ಬೀಸುತ್ತದೆ. ಉಪಗ್ರಹ ಅದನ್ನು ಕಂಡು, ಆ ಕಡೆಗೆ ತಿರುಗಿ, ತನ್ನ ಬೆಳಕನ್ನು ಇಳಿಸುತ್ತದೆ. ಲೇಸರನ್ನು ಆಚೀಚೆ ಅಲುಗಿಸುವ ಯಂತ್ರವೇ ಟಿಬರ್ಡ್‌ನಲ್ಲಿ ಇಲ್ಲ. ನೆಲದ ಬೆಳಕು ನಡುವಿನಿಂದ ಎಷ್ಟು ಸರಿದಿದೆ ಎಂದು ಅದು ಹೇಳುತ್ತಿರುತ್ತದೆ, ಇಡೀ ಪೆಟ್ಟಿಗೆಯೇ ಅಷ್ಟು ತಿರುಗಿಕೊಳ್ಳುತ್ತದೆ.

ಆಮೇಲೆ ಗಾಳಿ. ಮಧ್ಯಾಹ್ನ ಡಾಂಬರು ರಸ್ತೆಯ ಮೇಲೆ ದೂರದ ಲಾರಿ ನೀರಿನಲ್ಲಿ ಅಲುಗಿದಂತೆ ಕಾಣುತ್ತದೆ, ರಾತ್ರಿ ನಕ್ಷತ್ರ ಮಿನುಗುತ್ತದೆ. ಬಿಸಿ ತಂಪು ಗಾಳಿಯ ಪದರಗಳಲ್ಲಿ ಬೆಳಕು ವಕ್ರೀಭವನಗೊಂಡು ಅತ್ತಿತ್ತ ಸರಿಯುವುದೇ ಇದಕ್ಕೆ ಕಾರಣ, ಇದು ನಮ್ಮ ಪಠ್ಯದಲ್ಲೂ ಬರುತ್ತದೆ. ಲೇಸರ್ ಕೂಡ ಹಾಗೇ ಮಿನುಗುತ್ತದೆ, ನಡುನಡುವೆ ಮಾತು ಕಡಿಯುತ್ತದೆ. ಅದಕ್ಕೆ ಟಿಬರ್ಡ್ ಕಂಡುಕೊಂಡ ದಾರಿ ತರಗತಿಯದೇ: ಯಾವ ತುಂಡು ಬರಲಿಲ್ಲವೋ ಅದನ್ನು ನೆಲದ ಕೇಂದ್ರ ‘ಇನ್ನೊಂದು ಸಲ ಹೇಳಿ’ ಎಂದು ಕೇಳುತ್ತದೆ, ಉಪಗ್ರಹ ಅದನ್ನಷ್ಟೇ ಮತ್ತೆ ಕಳಿಸುತ್ತದೆ.

ಮೋಡಕ್ಕೆ ಇಂಥ ಉಪಾಯವಿಲ್ಲ. ರೇಡಿಯೋ ಮೋಡವನ್ನು ಹಾದು ಬರುತ್ತದೆ, ಈ ಬೆಳಕು ಬರುವುದಿಲ್ಲ. ಆದ್ದರಿಂದ ನೆಲದ ಕೇಂದ್ರಗಳನ್ನು ಒಣ, ಎತ್ತರದ ಜಾಗಗಳಲ್ಲಿ ಹುಡುಕುತ್ತಾರೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಬೆಳಕಿನ ಕಣಗಳಲ್ಲಿ ಉಪಗ್ರಹಕ್ಕೆ ಸಂಕೇತ ಕಳಿಸಲು ಯೋಗ್ಯವಾದ ಜಾಗಕ್ಕಾಗಿ ಮೌಂಟ್ ಅಬು, ನೈನಿತಾಲ್ ಮತ್ತು ಲಡಾಖಿನ ಹಾನ್ಲೆಯನ್ನು ಹೋಲಿಸಿ ಹಾನ್ಲೆ ಮೇಲು ಎಂದಿದ್ದಾರೆ. 4,500 ಮೀಟರ್ ಎತ್ತರದ ಆ ಹಾನ್ಲೆಯಲ್ಲಿ ಭಾರತೀಯ ಖಭೌತ ಸಂಸ್ಥೆಯ ಎರಡು ಮೀಟರ್ ದೂರದರ್ಶಕವಿದೆ. ಅದನ್ನು ನಡೆಸುವ ಖಗೋಳ ವಿಜ್ಞಾನಿಗಳು ಕೂರುವುದು ನಮ್ಮ ಬೆಂಗಳೂರು ದಾರಿಯ ಹೊಸಕೋಟೆಯಲ್ಲಿ, ನಡುವಿನ ಕೊಂಡಿ ಉಪಗ್ರಹದ ರೇಡಿಯೋ. ಹೊಸಕೋಟೆಯನ್ನು ಕಟ್ಟಿಸಿದವನು ಸುಗಟೂರಿನ ಪಾಳೆಯಗಾರ ತಮ್ಮೇಗೌಡ ಎಂಬುದು ತರಗತಿಯ ಅರ್ಧ ಮಕ್ಕಳಿಗೆ ಗೊತ್ತಿತ್ತು. ಅಲ್ಲಿಂದ ಲಡಾಖಿನ ದೂರದರ್ಶಕವನ್ನು ತಿರುಗಿಸುತ್ತಾರೆ ಎಂಬುದು ಯಾರಿಗೂ ಗೊತ್ತಿರಲಿಲ್ಲ, ನನಗೂ ಆ ವಾರದವರೆಗೆ ಗೊತ್ತಿರಲಿಲ್ಲ.

ಪಿಟಿಡಿ-3 ಕೆಲಸ ಮುಗಿಸಿ 2024ರ ಸೆಪ್ಟೆಂಬರಿನಲ್ಲಿ ವಾತಾವರಣಕ್ಕೆ ಬಿದ್ದು ಉರಿದುಹೋಯಿತು ಎಂದಾಗ ಒಂದಿಬ್ಬರು ಬೇಜಾರು ಮಾಡಿಕೊಂಡರು.

ಮೌಲ್ಯಮಾಪನ ಪಾಠದ ದಿನ ಹಳೆಯ ಚಾರ್ಟನ್ನೇ ತೂಗುಹಾಕಿದೆ. ಕೆಂಪು ಸಾಲಿನ ಮೇಲೆ ಗೆರೆ ಎಳೆದು, “ಇದು ನಾನು ಬರೆಸಿದ ತಪ್ಪು. ಇದನ್ನು ಕಂಡುಹಿಡಿದವಳು ಈ ತರಗತಿಯಲ್ಲೇ ಇದ್ದಾಳೆ” ಎಂದೆ. ಎಲ್ಲರೂ ನೋಟ್ಸು ತೆಗೆದು ಹೊಡೆದುಹಾಕಿದರು. ಬದಲಿಗೆ ಏನು ಬರೆಯಬೇಕೆಂದು ನಾನು ಹೇಳಲಿಲ್ಲ. ಪ್ರಯೋಗ, ಲೆಕ್ಕ ಮುಗಿದ ಮೇಲೆ ಅವರವರ ಮಾತಿನಲ್ಲಿ ಬರೆಯಲು ಹೇಳಿದೆ. ‘ಲೇಸರ್ ಹರಡುತ್ತದೆ, ಆದರೆ ನಮ್ಮ ಟಾರ್ಚಿಗಿಂತ ತುಂಬಾ ಕಡಿಮೆ, ಬಾಯಿ ದೊಡ್ಡದಾದರೆ ಇನ್ನೂ ಕಡಿಮೆ’ ಎಂದು ಬರೆದಿದ್ದ ಒಂದು ಪುಟ ನನ್ನ ಚಾರ್ಟಿಗಿಂತ ಚೆನ್ನಾಗಿತ್ತು. ಮೂವರು ಮಾತ್ರ ‘ಬಾಯಿ ಚಿಕ್ಕದಾದರೆ ಕಡಿಮೆ’ ಎಂದೇ ಬರೆದಿದ್ದರು. ಬ್ಲೇಡಿನ ಪ್ರಯೋಗವನ್ನು ಕಣ್ಣಾರೆ ಕಂಡ ಮೇಲೂ ಆ ಊಹೆ ಹೋಗಿರಲಿಲ್ಲ. ಅವರನ್ನು ಕೂರಿಸಿ, ಸೀಳನ್ನು ಅವರ ಕೈಯಲ್ಲೇ ಹಿಗ್ಗಿಸಿ ಕುಗ್ಗಿಸಿ ನೋಡಿಸಬೇಕಿತ್ತು. ನಲವತ್ತು ನಿಮಿಷ ಸಾಲಲಿಲ್ಲ. ಮುಂದಿನ ತಂಡದವರು ಇದಕ್ಕೆ ಎರಡು ಅವಧಿ ಕೇಳಿ ಪಡೆಯಬೇಕು.

ಗಂಟೆ ಹೊಡೆದ ಮೇಲೆ ಆ ಹುಡುಗಿ ಹಲಗೆಯ ಹತ್ತಿರ ಬಂದು, “ಇದನ್ನ ಚಂದ್ರನ ಮೇಲೆ ಬಿಟ್ರೆ ಎಷ್ಟಗಲ ಆಗುತ್ತೆ ಮಿಸ್?” ಎಂದಳು. ಸೀಮೆಸುಣ್ಣ ಅವಳ ಕೈಗೇ ಕೊಟ್ಟೆ. ಚಂದ್ರನ ದೂರ 3,84,000 ಕಿಲೋಮೀಟರ್, ಅವಳಣ್ಣನ ಕೀಚೈನ್ ಸಾವಿರಕ್ಕೆ ಒಂದು. ಮೂರು ಸೊನ್ನೆ ಹೊಡೆದುಹಾಕಿ 384 ಕಿಲೋಮೀಟರ್ ಎಂದು ಬರೆದಳು. “ಬಾಯಿ ದೊಡ್ಡದು ಮಾಡ್ಬೇಕು” ಎಂದು ತನಗೆ ತಾನೇ ಹೇಳಿಕೊಂಡು, ಡೇರಿಗೆ ಹಾಲು ಹಾಕಬೇಕೆಂದು ಬ್ಯಾಗು ಏರಿಸಿಕೊಂಡು ಓಡಿದಳು.